ಅರಿಶಿನ ಕೆಂಪಾದ ಕತೆ

ಹುಮನಾಬಾದ ತಾಲ್ಲೂಕಿನ ಘಾಟಬೋರಾಳದಲ್ಲಿ ದೀಪಾವಳಿ ಶುರುವಾಗುವುದು ಬಚ್ಚಲ ಮನೆಯಿಂದ. ನೀರು ತುಂಬುವ ಹಬ್ಬದ ರಾತ್ರಿ ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿಟ್ಟರೆ ನಸುಕಿಗೆ ಒಲೆ ಉರಿಯಬೇಕು. ಮೊದಲು ಗಂಡಸರು, ಹುಡುಗರು. ಮಣೆಯ ಮೇಲೆ ಕೂಡಿಸಿ, ಎಣ್ಣೆ ಹಚ್ಚಿ, ಎರೆದು, ಆರತಿ ಬೆಳಗುವವರೆಗೂ ಯಾರ ಬಾಯಿಗೂ ಚಹಾ ಇಲ್ಲ. ಹೆಂಗಸರು ಎರಕೊಳ್ಳುವಷ್ಟರಲ್ಲಿ ಹಂಡೆಯ ತಳ ಕಾಣುತ್ತಿರುತ್ತದೆ. ಈ ಪದ್ಧತಿ ಮಾತ್ರ ಇನ್ನೂ ಬದಲಾದ ಹಾಗಿಲ್ಲ.

ಮೈಗೆ ಹಚ್ಚುವ ಉಟಣಿ ಮನೆಯಲ್ಲೇ ಆಗುತ್ತದೆ. ಇದಕ್ಕೆ ಹೆಸರಿನ ಹಿಟ್ಟೇ ಯಾಕೆ ಎಂದು ಕೇಳಿದರೆ ಉತ್ತರ ಹೊಲದಲ್ಲಿದೆ. ಬೀದರ ಬೇಳೆಕಾಳಿನ ಜಿಲ್ಲೆ. ಮುಂಗಾರಿಗೆ ಬಿತ್ತಿದ ಹೆಸರು ಎರಡು-ಎರಡೂವರೆ ತಿಂಗಳಿಗೇ ಕೈಗೆ ಬರುವ ಕಾಳು; ದೀಪಾವಳಿಯ ಹೊತ್ತಿಗೆ ಹೊಸ ಹೆಸರು ಮನೆಯೊಳಗಿರುತ್ತದೆ. ಅದರ ಹಿಟ್ಟಿಗೆ ಅರಿಶಿನ, ಕಚೋರ, ಒಣಗಿಸಿದ ಕಿತ್ತಳೆ ಸಿಪ್ಪೆ, ಗುಲಾಬಿ ಪಕಳೆ, ನಾಗರಮೋಥ. ಎರೆ ಹೊಲದಲ್ಲಿ ಕಿತ್ತಷ್ಟೂ ಚಿಗುರಿ ರೈತನ ಸೊಂಟ ಮುರಿಯುವ ಜೇಕು ಇದೆಯಲ್ಲ, ಈ ನಾಗರಮೋಥ ಅದರದೇ ಕುಲದ ಗಡ್ಡೆ. ಹೊಲದಲ್ಲಿ ಬೈಸಿಕೊಳ್ಳುವುದೇ ಕಿರಾಣಿ ಅಂಗಡಿಗೆ ಬಂದರೆ ತೊಲದ ಲೆಕ್ಕದಲ್ಲಿ ಪುಡಿಕೆ ಕಟ್ಟಿಸಿಕೊಳ್ಳುತ್ತದೆ.

ಇಷ್ಟೆಲ್ಲ ಸಂಭ್ರಮದ ಮಾರನೆಯ ದಿನ ಬಟ್ಟೆ ಒಗೆಯುವಾಗ ಒಂದು ಗಲಾಟೆ ಆಗುತ್ತದೆ. ಮೈ ಒರೆಸಿದ ಬಿಳಿ ಪಂಚೆಯ ಮೇಲಿದ್ದ ಹಳದಿ ಕಲೆಗೆ ಸಾಬೂನು ತಿಕ್ಕಿದ್ದೇ ತಡ, ಕಲೆ ಕೆಂಪಾಗುತ್ತದೆ. ಮದುವೆಯಾಗಿ ಮೊದಲ ವರ್ಷದ ಸೊಸೆಗೆ ಎದೆ ಧಸಕ್ ಅನ್ನುವಂಥ ಕೆಂಪು.

"ಆಯಿ, ನೋಡ್ರಿ ಇಲ್ಲಿ, ರಕ್ತ ಆದಂಗ ಆಗ್ಯದ."

"ಗಾಬ್ರಿ ಆಗಬ್ಯಾಡವ್ವ, ಸಾಬಾಣ ತಾಗ್ಯದ ಅಷ್ಟೇ. ಜಾಲಿಸಿ ಬಿಸಲಿಗಿ ಹಾಕು, ತಾನೇ ಹೋಗ್ತದ."

ಆಯಿಯ ಈ ಎರಡು ಮಾತಿನಲ್ಲಿ ಎರಡು ಆವಿಷ್ಕಾರಗಳಿವೆ. ಅರಿಶಿನ ಕ್ಷಾರವನ್ನು ಗುರುತಿಸುತ್ತದೆ ಎಂಬುದು ಒಂದು. ಅರಿಶಿನದ ಬಣ್ಣ ಬೆಳಕನ್ನು ತಾಳುವುದಿಲ್ಲ ಎಂಬುದು ಇನ್ನೊಂದು. ಯುರೋಪಿನ ಪ್ರಯೋಗಶಾಲೆಗಳು ಮೊದಲನೆಯದನ್ನು ತಲುಪಿದ ದಾರಿ ಸಾಕಷ್ಟು ಸುತ್ತಿನದು, ಓದಲು ಮಜವಾದದ್ದು.

1664ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಬಣ್ಣಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ವಯೊಲೆಟ್ ಹೂವಿನ ಪಾಕಕ್ಕೆ ಹುಳಿ ಬಿದ್ದರೆ ಕೆಂಪು, ಕ್ಷಾರ ಬಿದ್ದರೆ ಹಸಿರು ಎಂದು ಅದರಲ್ಲಿ ತೋರಿಸಿಕೊಟ್ಟ. ರುಚಿ ನೋಡದೆ, ಬರೀ ಕಣ್ಣಿನಿಂದ ಆಮ್ಲ ಯಾವುದು, ಕ್ಷಾರ ಯಾವುದು ಎಂದು ಹೇಳಬಹುದಾದ ಈ ಉಪಾಯ ರಸಾಯನಶಾಸ್ತ್ರಕ್ಕೆ ದೊಡ್ಡ ಆಸರೆಯಾಯಿತು. ಮುಂದೆ ಅರಿಶಿನದ ಕಷಾಯದಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳೂ ಪ್ರಯೋಗಶಾಲೆ ಸೇರಿದವು. 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಎಂಬಿಬ್ಬರು ಅರಿಶಿನದಿಂದ ಆ ಹಳದಿ ವಸ್ತುವನ್ನೇ ಬೇರ್ಪಡಿಸಿ ಕರ್ಕ್ಯುಮಿನ್ ಎಂದು ಕರೆದರು. ಅದರ ಅಣು ಹೇಗೆ ಜೋಡಣೆಗೊಂಡಿದೆ ಎಂದು ಬಿಡಿಸಿದ್ದು 1910ರಲ್ಲಿ, ಕೊಸ್ಟಾನೆಕಿ ಮತ್ತು ಅವರ ಜೊತೆಗಾರರು. ದ್ರಾವಣದ ಪಿಎಚ್ 8ರ ಆಸುಪಾಸು ದಾಟಿತೆಂದರೆ ಈ ಅಣು ಒಂದೊಂದೇ ಹೈಡ್ರೋಜನ್ ಬಿಟ್ಟುಕೊಡುತ್ತದೆ. ಅದು ಬೆಳಕನ್ನು ಹೀರುವ ರೀತಿ ಬದಲಾಗಿ ಹಳದಿ ಹೋಗಿ ಕೆಂಪು ಕಾಣುತ್ತದೆ. ಹುಳಿ ಹಿಂಡಿದರೆ ಮತ್ತೆ ಹಳದಿ.

ನಮ್ಮ ಕಡೆ ಇದನ್ನು ಆರತಿ ತಟ್ಟೆಯಲ್ಲೇ ಇಟ್ಟಿದ್ದಾರೆ. ಮೊದಲ ದೀಪಾವಳಿಗೆ ಅಳಿಯ ಬಂದರೆ, ಬಾಣಂತಿ ಮಗು ಎತ್ತಿಕೊಂಡು ಹೊಸ್ತಿಲು ದಾಟಿದರೆ, ಅರಿಶಿನದ ನೀರಿಗೆ ಬೆರಳತುದಿಯಷ್ಟು ಸುಣ್ಣ ಕಲಸಿ ನಿವಾಳಿಸುತ್ತಾರೆ. ಎಲೆಯಡಿಕೆಗೆ ಹಚ್ಚುವ ಅದೇ ಸುಣ್ಣ. ಕಲಸುವ ಕೈಗೆ ಅಳತೆಯೂ ಗೊತ್ತು: ಸುಣ್ಣ ಕಡಿಮೆಯಾದರೆ ಬಣ್ಣ ಏರುವುದಿಲ್ಲ, ಹೆಚ್ಚಾದರೆ ಕಂದು ತಿರುಗಿ ಕೆಡುತ್ತದೆ.

ಸಾಬೂನು ಯಾಕೆ ಕ್ಷಾರ? ಇದನ್ನು ಕಂಡುಕೊಂಡವನ ಕತೆ ಇನ್ನೂ ಸೊಗಸು. 1811ರಲ್ಲಿ ಪ್ಯಾರಿಸಿನ ಮಿಶೆಲ್ ಷೆವ್ರಲ್ ಎಂಬ ತರುಣ ರಸಾಯನಜ್ಞನ ಕೈಗೆ, ಹಂದಿ ಕೊಬ್ಬಿನಿಂದ ಮಾಡಿದ ಒಂದು ಸಾಬೂನಿನ ಮಾದರಿ ಬಂತು. ಕಳಿಸಿದ್ದು ಒಂದು ಬಟ್ಟೆ ಗಿರಣಿ. ಇದರಲ್ಲಿ ಏನಿದೆ ನೋಡಿ ಹೇಳಿ ಎಂಬುದಷ್ಟೇ ಕೆಲಸ. ಎಣ್ಣೆ-ಕೊಬ್ಬುಗಳಿಗೆ ಬೂದಿಯ ಕ್ಷಾರನೀರು ಹಾಕಿ ಕುದಿಸಿ ಸಾಬೂನು ಮಾಡುವುದು ಸಾವಿರಾರು ವರ್ಷದ ಕಸುಬು. ಕೊಬ್ಬು ಮತ್ತು ಕ್ಷಾರ ಸುಮ್ಮನೆ ಬೆರೆತುಕೊಳ್ಳುತ್ತವೆ ಎಂದೇ ಎಲ್ಲರ ನಂಬಿಕೆ. ಷೆವ್ರಲ್ ಆ ಸಾಬೂನಿಗೆ ಆಮ್ಲ ಹಾಕಿ ಒಡೆದ. ಹೊರಬಂದದ್ದು ಹಳೆಯ ಕೊಬ್ಬಲ್ಲ, ಹರಳುಗಟ್ಟುವ ಹೊಸ ಆಮ್ಲ. ಕ್ಷಾರವು ಕೊಬ್ಬನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ಗ್ಲಿಸರಿನ್ ಆಗಿ ಬಿಟ್ಟು, ಇನ್ನೊಂದರ ಜೊತೆ ತಾನು ಸೇರಿ ಸಾಬೂನಾಗುತ್ತದೆ ಎಂದು ತೋರಿಸಿದ ಆತ, ಹನ್ನೆರಡು ವರ್ಷದ ಕೆಲಸವನ್ನು 1823ರಲ್ಲಿ ಪುಸ್ತಕವಾಗಿ ತಂದ. ಹೀಗೆ ಹುಟ್ಟಿದ ಸಾಬೂನು ನೀರಿಗೆ ಬಿದ್ದಾಗ ಪಿಎಚ್ 9-10ರವರೆಗೆ ಏರುತ್ತದೆ; ಪಂಚೆಯ ಅರಿಶಿನ ಅದನ್ನೇ ಹಿಡಿದು ತೋರಿಸುತ್ತದೆ. ಷೆವ್ರಲ್ ಮುಂದೆ ಗೊಬ್ಲಾನ್ ಎಂಬ ಸರಕಾರಿ ನೇಯ್ಗೆಶಾಲೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಮುಖ್ಯಸ್ಥನಾದ. 102 ವರ್ಷ ಬದುಕಿದ. ಸಾಬೂನು, ಬಣ್ಣ ಎರಡನ್ನೂ ಬಲ್ಲ ಈ ಮುದುಕನನ್ನು ಒಮ್ಮೆ ನಮ್ಮ ಆಯಿಯ ಎದುರು ಕೂಡಿಸಬೇಕಿತ್ತು.

ಕೂಡಿಸಿದ್ದರೆ ಆಯಿ ಅಂಟವಾಳದ ಬುಟ್ಟಿ ಮುಂದಿಡುತ್ತಿದ್ದಳು. ಈಗ ಅಂಗಡಿಯಲ್ಲಿ ರೀಠಾ ಎಂದು ಕೇಳಿದರೆ ಬೇಗ ಸಿಗುತ್ತದೆ. ಒಣಗಿದ ಕಾಯಿಯನ್ನು ಕಲ್ಲಿನಿಂದ ಒಡೆದರೆ ಒಳಗೆ ಕರ್ರಗೆ ಹೊಳೆಯುವ ಗಟ್ಟಿ ಬೀಜ. ಅದು ಹುಡುಗರ ಆಟಕ್ಕೆ. ಬೇಕಾದದ್ದು ಜೇನುಬಣ್ಣದ ಅಂಟು ಸಿಪ್ಪೆ. ಅದನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ ಬೆಳಗ್ಗೆ ಕಿವುಚಿದರೆ ಪಾತ್ರೆಯ ಕಂಠದವರೆಗೆ ನೊರೆ ಏಳುತ್ತದೆ. ಸೀಗೆಕಾಯಿಯದೂ ಇದೇ ಗುಣ, ನೊರೆ ಕೊಂಚ ಕಡಿಮೆ, ಕಣ್ಣುರಿ ಕೊಂಚ ಹೆಚ್ಚು. ಎರೆಯುವಾಗ ಕಣ್ಣು ಮುಚ್ಚಿಕೊಂಡ ಹುಡುಗರು ಕಿರಿಚುವುದಕ್ಕೂ ನೊರೆ ಏಳುವುದಕ್ಕೂ ಕಾರಣ ಒಂದೇ ವಸ್ತು, ಸ್ಯಾಪೊನಿನ್. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು. ಜಿಡ್ಡನ್ನು ಹಿಡಿದು ನೀರಿನೊಂದಿಗೆ ಹೊರಟುಬಿಡುತ್ತದೆ. ಸಾಬೂನು ಮಾಡುವುದೂ ಇದನ್ನೇ.

ವ್ಯತ್ಯಾಸ ಗೊತ್ತಾಗುವುದು ಅರಿಶಿನ ಮೆತ್ತಿದ ಎರಡು ಚಿಂದಿ ತೆಗೆದುಕೊಂಡಾಗ. ಒಂದಕ್ಕೆ ಸಾಬೂನು ನೀರು, ಇನ್ನೊಂದಕ್ಕೆ ಅಂಟವಾಳದ ನೀರು. ಸಾಬೂನಿನದು ಆ ಕ್ಷಣಕ್ಕೇ ಕೆಂಪು. ಅಂಟವಾಳದ್ದು ನೊರೆಯೊಳಗೆ ಮುಳುಗಿದ್ದರೂ ಹಳದಿಯೇ. ಯಾಕೆಂದರೆ ಅಂಟವಾಳ, ಸೀಗೆ ಎರಡರ ನೀರೂ ತುಸು ಹುಳಿ ಕಡೆಗಿರುತ್ತದೆ. ನಮ್ಮ ಚರ್ಮದ ಮೇಲ್ಪದರವೂ ತುಸು ಹುಳಿಯದೇ. ಅಂದರೆ ಕ್ಷಾರವಿಲ್ಲದೆಯೂ ಜಿಡ್ಡು ತೆಗೆಯಬಹುದು ಎಂಬುದು ಈ ಮನೆಗಳಿಗೆ ಗೊತ್ತಿತ್ತು. ಮೈಗೆ ಯಾವುದು, ಬಟ್ಟೆಗೆ ಯಾವುದು ಎಂದು ಬೇರೆ ಮಾಡಿಟ್ಟೂ ಇತ್ತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡದೆ ಬಿಳಿ ಕಿಟ್ಟವಾಗಿ ಕೂದಲಿಗೆ ಅಂಟುತ್ತದಲ್ಲ, ಅಂಟವಾಳಕ್ಕೆ ಆ ರಗಳೆಯೂ ಇಲ್ಲ; ನೀರಿನ ಸುಣ್ಣದಂಶದ ಜೊತೆ ಸೇರಿ ಅದು ಗಂಟು ಕಟ್ಟುವುದಿಲ್ಲ. ಅಕ್ಕಸಾಲಿಗರು ಬೆಳ್ಳಿ-ಬಂಗಾರ ತೊಳೆಯಲು ಇಂದಿಗೂ ಇದನ್ನೇ ಬಳಸುತ್ತಾರೆ.

ಬಟ್ಟೆಯ ಮಾತು ಬೇರೆ. ಬಟ್ಟೆಗೆ ಕ್ಷಾರ ಬೇಕು, ಅದಕ್ಕಾಗಿ ಚೌಳು ಮಣ್ಣು ಇತ್ತು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯಾಗಿ ಉಕ್ಕುವ ಈ ಮಣ್ಣಿನಲ್ಲಿ ಸೋಡಾ ಇರುತ್ತದೆ. ಮಡಿವಾಳರು ಅದನ್ನು ನೀರಿನಲ್ಲಿ ಕದಡಿ ಬಟ್ಟೆ ಕುದಿಸುತ್ತಿದ್ದರು. ಆ ನೀರಿಗೆ ಅರಿಶಿನ ಬಿದ್ದರೆ ಅದೂ ಕೆಂಪೇ.

ಇಲ್ಲಿ ಘಾಟಬೋರಾಳದ ನೆರೆಯ ಬಸವಕಲ್ಯಾಣಕ್ಕೆ ಹೋಗಿ ಬರಬೇಕು. ಅದು ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ಊಟ, ತಾಂಬೂಲ, ಧೂಪಗಳ ಸಾಲಿನಲ್ಲಿ ಸ್ನಾನಕ್ಕೂ ಒಂದು ಅಧ್ಯಾಯವಿದೆ. ಕೇದಗೆ, ಸಂಪಿಗೆಯ ಪರಿಮಳ ಹಿಡಿಸಿದ ಎಣ್ಣೆಯಿಂದ ಮೈ ತಿಕ್ಕುವುದು, ಆ ಜಿಡ್ಡನ್ನು ಸುವಾಸನೆಯ ಪುಡಿಯಿಂದ ತೆಗೆಯುವುದು, ತಲೆಗೆ ನೆಲ್ಲಿಕಾಯಿ. ಉಟಣಿಯ ಅರಮನೆ ಆವೃತ್ತಿ ಅನ್ನಬಹುದು. ಈ ಗ್ರಂಥದ ಕಾಲ ಗೊತ್ತಾದದ್ದೂ ಒಂದು ಪತ್ತೆದಾರಿಯೇ. ರಾ. ಗೋ. ಭಂಡಾರಕರರು 19ನೇ ಶತಮಾನದ ಕೊನೆಗೆ ದಖ್ಖನದ ಇತಿಹಾಸ ಬರೆಯುವಾಗ ಈ ಗ್ರಂಥದ ಜ್ಯೋತಿಷ ಭಾಗದಲ್ಲಿ ಒಂದು ಸುಳಿವು ಹಿಡಿದರು. ಗ್ರಹಗಣಿತಕ್ಕೆ ಆರಂಭದ ದಿನವೆಂದು ಸೋಮೇಶ್ವರ ಕೊಟ್ಟದ್ದು ಶಕ 1051 ಕಳೆದ ಚೈತ್ರ ಪಾಡ್ಯ, ಶುಕ್ರವಾರ. ಎಂದರೆ ಕ್ರಿ.ಶ. 1129. ಬಡೋದೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಮೊದಲ ಸಂಪುಟ ಅಚ್ಚಾದದ್ದು 1925ರಲ್ಲಿ.

ಸೋಮೇಶ್ವರ ಗ್ರಂಥ ಬರೆದ ಕೆಲವೇ ದಶಕಕ್ಕೆ, ಬಿಜ್ಜಳನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದವರು ಮಡಿವಾಳ ಮಾಚಿದೇವರು. ಒಂದೇ ಊರು, ಒಂದೇ ಶತಮಾನ. ಮೈಯ ಜಿಡ್ಡಿನ ಬಗ್ಗೆ ರಾಜ ಬರೆದ, ಬಟ್ಟೆಯ ಕೊಳೆಯನ್ನು ಮಡಿವಾಳ ತೆಗೆದ. ರಾಜನ ಎಣ್ಣೆಯ ಪಾಕ ನಮಗೆ ಸಿಕ್ಕಿದೆ. ಒಂದು ಕೊಡ ನೀರಿಗೆ ಎಷ್ಟು ಚೌಳು ಎಂಬ ಲೆಕ್ಕವನ್ನು ಹಾಗೆ ಗ್ರಂಥ ಮಾಡಿ ಇಟ್ಟವರಿಲ್ಲ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದನ್ನು ಅರಿಶಿನವೇ ತೋರಿಸಿತು. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯಕ್ಕೆ ಅರಿಶಿನ ಹಚ್ಚುವ ವಿಧಾನದ ಮೇಲೆ ಪೇಟೆಂಟ್ ಸಿಕ್ಕಿತು. ರಘುನಾಥ ಮಾಶೇಲ್ಕರ್ ಮುಂದಾಳತ್ವದ ಭಾರತದ ಸಂಶೋಧನಾ ಮಂಡಳಿ ಸಿಎಸ್ಐಆರ್ ಅದನ್ನು ಪ್ರಶ್ನಿಸಿತು. ನಮ್ಮ ಅಜ್ಜಿ ಹಚ್ಚುತ್ತಿದ್ದಳು ಎಂದರೆ ಪೇಟೆಂಟ್ ಕಚೇರಿ ಕೇಳುವುದಿಲ್ಲ. ಅಚ್ಚಾದ ಸಾಕ್ಷಿ ಬೇಕು. ಹಳೆಯ ಗ್ರಂಥಗಳು, ಭಾರತೀಯ ವೈದ್ಯರ ಸಂಘದ ನಿಯತಕಾಲಿಕದ 1953ರ ಒಂದು ಲೇಖನ ಹೀಗೆ ಹುಡುಕಿ ಹುಡುಕಿ ಕೊಟ್ಟ ಮೇಲೆ, 1997ರಲ್ಲಿ ಪೇಟೆಂಟ್ ರದ್ದಾಯಿತು.

ಆದರೂ ನನಗೆ ಎಲ್ಲಕ್ಕಿಂತ ಬೆರಗಾಗುವುದು ಕುಂಕುಮದ ವಿಷಯದಲ್ಲಿ. ಸುಣ್ಣದಿಂದ ಬಂದ ಕೆಂಪು ಹುಳಿ ಸೋಕಿದರೆ ಹೋಗಿಬಿಡುತ್ತದೆ ಅಂದೆವಲ್ಲ. ಹಣೆಯ ಬೆವರಿಗೂ ತುಸು ಹುಳಿ ಗುಣವುಂಟು. ಬರೀ ಸುಣ್ಣದ ಕೆಂಪನ್ನು ನಂಬಿಕೊಂಡರೆ ಮಧ್ಯಾಹ್ನದೊಳಗೆ ಹಣೆ ಹಳದಿ. ಅದಕ್ಕೆ ಹಳೆಯ ಕ್ರಮದಲ್ಲಿ ಕುಂಕುಮ ಮಾಡುವವರು ಅರಿಶಿನಕ್ಕೆ ಬಿಳಿಗಾರ ಸೇರಿಸಿ ಮೇಲೆ ನಿಂಬೆರಸವನ್ನೇ ಹಿಂಡುತ್ತಾರೆ, ನೆರಳಿನಲ್ಲಿ ಒಣಗಿಸುತ್ತಾರೆ. ಮೇಲುನೋಟಕ್ಕೆ ಇದು ಉಲ್ಟಾ. ಹುಳಿ ಹಾಕಿದರೆ ಹಳದಿಯಾಗಬೇಕಿತ್ತು, ಇದು ಇನ್ನೂ ಕೆಂಪಾಗುತ್ತದೆ. ಒಳಗೆ ನಡೆಯುವುದೇನೆಂದರೆ, ನಿಂಬೆಯ ಹುಳಿ ಬಿಳಿಗಾರದಿಂದ ಬೋರಿಕ್ ಆಮ್ಲವನ್ನು ಬಿಡಿಸುತ್ತದೆ, ಒಣಗುತ್ತ ಬಂದಂತೆ ಅದರ ಬೋರಾನ್ ಕರ್ಕ್ಯುಮಿನ್ನಿನೊಂದಿಗೆ ಗಂಟು ಹಾಕಿಕೊಂಡು ಬೇರೆಯದೇ ಕೆಂಪು ಸಂಯುಕ್ತವಾಗುತ್ತದೆ. ಇದು ಹುಳಿಗೆ ಅಳುಕದ ಕೆಂಪು. ಬೋರಾನ್ ಇದೆಯೇ ಎಂದು ಪತ್ತೆ ಮಾಡಲು ರಸಾಯನಶಾಲೆಗಳು ಅರಿಶಿನದ ಕಾಗದವನ್ನು ಬಳಸಿದ್ದು ಇದೇ ಕ್ರಿಯೆಯ ಬಲದ ಮೇಲೆ. ನೆರಳಿನಲ್ಲಿ ಒಣಗಿಸುವುದಕ್ಕೂ ಕಾರಣ ಉಂಟು: ಪಂಚೆಯ ಕಲೆಯನ್ನು ತೆಗೆದ ಬಿಸಿಲು ಕುಂಕುಮದ ಬಣ್ಣವನ್ನೂ ಬಿಡುವುದಿಲ್ಲ.

ಹಬ್ಬಕ್ಕೆ ಪೇಟೆಯಿಂದ ತಂದ ಕುಂಕುಮ ಈ ಬಗೆಯದೋ ಬರೀ ಬಣ್ಣವೋ ನೋಡಬೇಕಾದರೆ ಮನೆಯಲ್ಲೇ ಆಗುತ್ತದೆ. ಚಿಟಿಕೆ ಕುಂಕುಮವನ್ನು ಬಿಳಿ ತಟ್ಟೆಯಲ್ಲಿಟ್ಟು ಅಡುಗೆ ಸೋಡಾಕ್ಕಿಂತ ಬಲವಾದ ಕ್ಷಾರ, ಎಂದರೆ ಬಟ್ಟೆ ಸೋಡಾದ ನೀರು, ಒಂದು ಹನಿ ಬಿಡಿ. ಅರಿಶಿನ-ಬಿಳಿಗಾರದ ಕುಂಕುಮವಾದರೆ ಹನಿ ಬಿದ್ದ ಜಾಗ ಕಪ್ಪು-ಹಸಿರಿನತ್ತ ತಿರುಗುತ್ತದೆ. ಬಣ್ಣದ ಪುಡಿಗಳಲ್ಲಿ ಬಹಳಷ್ಟು ಹಾಗೇ ಕೆಂಪಗೆ ಕೂತಿರುತ್ತವೆ. ಹನಿ ಬಿಟ್ಟ ಮೇಲೆ ಕೈ ತೊಳೆದುಕೊಳ್ಳಿ. ಆ ಸೋಡಾ ಚರ್ಮಕ್ಕೆ ಒಳ್ಳೆಯದಲ್ಲ.