ನೇರಳೆ ಹಣ್ಣಿನ ಪೈ ಮತ್ತು ಜಾಮ್: ಸದಸ್ಯರ ಮನೆಗಳಿಗೆ ಕೆಲವು ಮಾತು

ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಾಫಿ ತೋಟಗಳ ನೇರಳೆ ಮರಗಳ ಬುಡವೆಲ್ಲ ಕಪ್ಪಾಗುತ್ತದೆ. ಹಕ್ಕಿ, ಬಾವಲಿ, ಮಕ್ಕಳು ತಿಂದು ಉಳಿದದ್ದು ಕೊಳೆತು ಹೋಗುವುದು ವಾಡಿಕೆ. ಇದೇ ಹಣ್ಣನ್ನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ತಳ್ಳುಗಾಡಿಯವರು ಉಪ್ಪು ಉದುರಿಸಿ ಕಾಲು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಕೊಳ್ಳುವವರು ಒಂದೊಂದನ್ನೂ ಆರಿಸಿ ಕೊಳ್ಳುತ್ತಾರೆ.

ಆ ಬಜಾರಿನಲ್ಲಿ ನಮ್ಮ ಸೋದರತ್ತೆಯ ಮಗಳ ಮನೆಯಿದೆ. ಇಂಗ್ಲೆಂಡಿನಲ್ಲಿರುವ ಅವರ ಮಗಳು ಬ್ಲ್ಯಾಕ್‌ಬೆರಿ ಪೈ ಮಾಡುವ ಕ್ರಮವನ್ನು ಬರೆದು ಕಳಿಸಿದ್ದಳು. ಆ ಹಣ್ಣಿಗೆ ಬದಲು ನೇರಳೆ ಹಾಕಬಹುದೇ ಎಂಬುದು ಅಕ್ಕನ ಪ್ರಶ್ನೆ.

ಹಾಕಬಹುದು, ಆದರೆ ಎರಡೂ ಒಂದೇ ಅಲ್ಲ. ಬ್ಲ್ಯಾಕ್‌ಬೆರಿ ಗುಲಾಬಿಯ ಕುಟುಂಬಕ್ಕೆ ಸೇರಿದ ಮುಳ್ಳುಗಿಡದ ಹಣ್ಣು, ಸಣ್ಣ ಮಣಿಗಳ ಗೊಂಚಲಿನಂಥದು. ಅದರ ಹತ್ತಿರದ ಜಾತಿಗಳು ನಮ್ಮ ಘಟ್ಟದ ಎತ್ತರದ ಪ್ರದೇಶಗಳಲ್ಲಿಯೂ ಇವೆ, ಆದರೆ ಬುಟ್ಟಿ ತುಂಬುವಷ್ಟು ಸಿಗುವುದು ಕಷ್ಟ. ನೇರಳೆಯಾದರೋ ಲವಂಗದ ಬಂಧು. ಒಳಗೊಂದು ದೊಡ್ಡ ಬೀಜ, ತಿರುಳಿನಲ್ಲಿ ಒಗರು. ಬಣ್ಣ ಮಾತ್ರ ಎರಡಕ್ಕೂ ಒಂದೇ ಬಗೆಯ ವಸ್ತುವಿನಿಂದ ಬರುತ್ತದೆ. ಹುಳಿ ಸೇರಿದರೆ ಅದು ಕೆಂಪಾಗುತ್ತದೆ, ಸೋಡ ಸೇರಿದರೆ ನೀಲಿಗೆ ತಿರುಗುತ್ತದೆ. ಆದ್ದರಿಂದ ಈ ಹಣ್ಣಿನ ಕೇಕಿಗೆ ಅಡಿಗೆ ಸೋಡ ಹೆಚ್ಚಾದರೆ ಬೂದಿ ಬಣ್ಣ ಬಂದು, ಯಾರೂ ಕೈಹಾಕುವುದಿಲ್ಲ. ಕಬ್ಬಿಣದ ಬಾಣಲೆಯೂ ಬೇಡ, ಒಗರು ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ಸ್ಟೀಲ್ ಪಾತ್ರೆ ಸಾಕು.

ಅಕ್ಕ ಮಾಡಿದ ಕ್ರಮ ಹೀಗೆ. ಚೆನ್ನಾಗಿ ಮಾಗಿದ ಹಣ್ಣನ್ನು ತೊಳೆದು, ಚಿಟಿಕೆ ಉಪ್ಪು ಹಾಕಿ, ಅರ್ಧ ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಕೈಯಿಂದ ಕಿವುಚಿ ಬೀಜ ತೆಗೆಯುವುದು. 500 ಗ್ರಾಂ ತಿರುಳಿಗೆ 150 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ, ಸ್ವಲ್ಪ ಚಕ್ಕೆಪುಡಿ. ಗಟ್ಟಿಯಾಗಲು ಇಂಗ್ಲೆಂಡಿನ ಚೀಟಿಯಲ್ಲಿ ಕಾರ್ನ್‌ಫ್ಲೋರ್ ಇತ್ತು. ನಾವು ಕೊಟ್ಟದ್ದು ನಮ್ಮ ಕೂವೆಹಿಟ್ಟು. ಮೂರು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ, ಬೆಳ್ಳಗಿದ್ದದ್ದು ತಿಳಿಯಾಗುವವರೆಗೆ ಕೈಯಾಡಿಸಬೇಕು. ಈ ವಿಷಯದಲ್ಲಿ ಕೂವೆಯೇ ಮೇಲು ಎಂಬುದು ನಮ್ಮ ಅಭಿಪ್ರಾಯ, ಹಣ್ಣಿನ ಹೊಳಪು ಕೆಡುವುದಿಲ್ಲ. 250 ಗ್ರಾಂ ಮೈದಾಕ್ಕೆ 125 ಗ್ರಾಂ ಬೆಣ್ಣೆ ಉದುರುದುರಾಗಿ ಬೆರೆಸಿ, ತಣ್ಣೀರು ಚಿಮುಕಿಸಿ ಕಲಸಿ, ಎರಡು ಹಾಳೆ ಲಟ್ಟಿಸಿ, ಆರಿದ ಪಾಕವನ್ನು ನಡುವೆ ತುಂಬುವುದು. ಬಿಸಿ ಪಾಕ ಹಾಕಿದರೆ ತಳ ಹಸಿಯಾಗಿಯೇ ಉಳಿಯುತ್ತದೆ. ಮನೆಯಲ್ಲಿ ಓವನ್ ಇಲ್ಲವಾದ್ದರಿಂದ ತಟ್ಟೆಯನ್ನು ಬಜಾರಿನ ಬೇಕರಿಗೆ ಕೊಟ್ಟು ಬೇಯಿಸಿ ತಂದರು. ಓವನ್ ಇರುವವರು 200 ಡಿಗ್ರಿಯಲ್ಲಿ 40 ನಿಮಿಷ ಇಡಬಹುದು.

ಜಾಮಿನ ವಿಷಯದಲ್ಲಿ ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ 105 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. 3000 ಅಡಿ ಎತ್ತರದ ತೋಟದ ಮನೆಯಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ, ಅಲ್ಲಿ 102ಕ್ಕೇ ಜಾಮ್ ಆಯಿತು. 105ರ ವರೆಗೆ ಕಾದರೆ ಗಟ್ಟಿ ಹಲ್ವದಂತಾಗುತ್ತದೆ. ಥರ್ಮಾಮೀಟರ್ ಇಲ್ಲದವರು ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು ನೋಡಿದರೆ ಸಾಕು, ಹರಿಯಬಾರದು. ಸ್ವಲ್ಪ ದೋರೆಹಣ್ಣನ್ನೂ ಸೇರಿಸಿದರೆ ಜಾಮ್ ಬೇಗ ಕಟ್ಟುತ್ತದೆ.

ಇನ್ನು ಮುಖ್ಯ ಮಾತು. ಅಕ್ಕನ ಮನೆಯಲ್ಲಿಯೇ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು, ನೇರಳೆ ಒಳ್ಳೆಯದೆಂಬ ಧೈರ್ಯದಿಂದ, ಜಾಮನ್ನು ಚಮಚಗಟ್ಟಲೆ ಚಪಾತಿಗೆ ಹಚ್ಚಿಕೊಳ್ಳುತ್ತಿದ್ದರು. ವಾರದಲ್ಲೇ ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಗದರಿದರು. ನೇರಳೆ ಬೀಜದ ಪುಡಿಯನ್ನು ನಾಟಿ ವೈದ್ಯದಲ್ಲಿ ಬಳಸುವುದು ನಿಜ. ಆದರೆ ಅದು ಡಾಕ್ಟರು ಕೊಟ್ಟ ಮಾತ್ರೆಗೆ ಬದಲಲ್ಲ, ಜಾಮಿನಲ್ಲಂತೂ ಬೀಜವೇ ಇರುವುದಿಲ್ಲ. ಜಾಮ್ ಎನಿಸಿಕೊಳ್ಳಲು ಅದರಲ್ಲಿ ಕರಗಿದ ಅಂಶ ನೂರಕ್ಕೆ 65ರಷ್ಟಾದರೂ ಇರಬೇಕು, ಅದರಲ್ಲಿ ಬಹುಪಾಲು ಸಕ್ಕರೆಯೇ.

ಹಳೆಯ 1955ರ ಹಣ್ಣಿನ ಪದಾರ್ಥಗಳ ಆಜ್ಞೆ ಈಗಿಲ್ಲ. ಮಾರುವವರು 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಾಯಿಸಿಕೊಳ್ಳಬೇಕು. ಸಂಘದ ಮಳಿಗೆಗೆ ಜಾಮ್ ತರುವ ಸದಸ್ಯರ ಮನೆಯವರು ಬಾಟಲಿಯ ಮೇಲೆ ಮಾಡಿದ ತಾರೀಖನ್ನೂ ಹಾಕಿದ ಸಕ್ಕರೆಯ ಪ್ರಮಾಣವನ್ನೂ ಬರೆಯಬೇಕೆಂದು ಕೋರುತ್ತೇವೆ. ‘ಮಧುಮೇಹಕ್ಕೆ ಉತ್ತಮ’ ಎಂಬ ಚೀಟಿ ಅಂಟಿಸಿದ ಬಾಟಲಿಗಳನ್ನು ಮಳಿಗೆಯಲ್ಲಿ ತೆಗೆದುಕೊಳ್ಳಲಾಗುವುದಿಲ್ಲ.