ಹಳೆಯ ಬರಹ, ಹೊಸ ತಂತ್ರಾಂಶ

ಭದ್ರಾವತಿಯ ಕಾಗದದ ಮೇಲೆ ಅರವತ್ತು ವರ್ಷಗಳ ಹಿಂದೆ ಅಚ್ಚಾದ ಪುಸ್ತಕವೊಂದನ್ನು ಇಂದು ತೆರೆದರೂ ಅಕ್ಷರಗಳು ಇದ್ದಲ್ಲಿಯೇ ಇರುತ್ತವೆ. ಕಾಗದವು ಹಳದಿಯಾಗಿರಬಹುದು, ಅಂಚು ಮುರಿದಿರಬಹುದು. ಆದರೆ ‘ಕ’ ಎಂದು ಅಚ್ಚಾದುದು ‘ಕ’ ಆಗಿಯೇ ಉಳಿದಿರುತ್ತದೆ. ಆ ಊರಿನ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿದ್ದರೂ ಪುಸ್ತಕವನ್ನೋದಲು ಅದರಿಂದ ಯಾವ ಅಡ್ಡಿಯೂ ಇಲ್ಲ. ಗಣಕಯಂತ್ರದಲ್ಲಿ ಇರಿಸಿದ ಬರಹದ ಸ್ಥಿತಿ ಹೀಗಲ್ಲ. ಅಲ್ಲಿ ಅಕ್ಷರವೆಂಬುದು ಅಂಕೆಗಳ ಒಂದು ಸಾಲು. ಆ ಅಂಕೆಗಳನ್ನು ಅಕ್ಷರವಾಗಿ ಓದಿ ತೋರಿಸುವ ತಂತ್ರಾಂಶವು ಬದಲಾದರೆ ಅಕ್ಷರವೂ ಬದಲಾದೀತು.

ಶಿವಮೊಗ್ಗದಲ್ಲಿ ನಮ್ಮಲ್ಲಿ ಭೌತಶಾಸ್ತ್ರವನ್ನು ಓದುತ್ತಿರುವ ಕೆಲವು ವಿದ್ಯಾರ್ಥಿಗಳು ಭದ್ರಾವತಿಯವರು. 1923ರಲ್ಲಿ ಕುಲುಮೆ ಹೊತ್ತಿದ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜಂದಿರ ನೆನಪುಗಳನ್ನು ಕೇಳಿ ಬರೆದುಕೊಂಡು, ತಮ್ಮದೊಂದು ಬ್ಲಾಗಿನಲ್ಲಿ ಸೇರಿಸುತ್ತಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಒಬ್ಬಿಬ್ಬರು ಈಗ ಇಲ್ಲ. ಬ್ಲಾಗಿನ ಪರದೆಯ ಮೇಲೆ ‘ಹೊಸ ಆವೃತ್ತಿ ಸಿದ್ಧವಾಗಿದೆ’ ಎಂಬ ಸೂಚನೆಯು ಕಂಡಾಗ, “ಸಾರ್, ಒತ್ತಿದರೆ ಬರೆದದ್ದೆಲ್ಲ ಹೋಗಿಬಿಟ್ಟರೆ?” ಎಂದು ಅವರು ಕೇಳಿದರು. ಮತ್ತೆ ಕೇಳಿ ಬರೆದುಕೊಳ್ಳಲು ಸಾಧ್ಯವಿಲ್ಲದ ಮಾತುಗಳಿರುವಾಗ ಈ ಅಂಜಿಕೆಯು ನ್ಯಾಯವಾದುದೇ.

ಹಾಗಾದರೆ ಒತ್ತದೆಯೇ ಸುಮ್ಮನಿರಬಹುದೆ? ಕೂಡದು. ಇವರ ಬ್ಲಾಗು ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು ಅದನ್ನು ಆರಂಭಿಸಿದರು. 2017ರ ಜನವರಿ 26ರಂದು ಅದರ 4.7.2 ಆವೃತ್ತಿ ಹೊರಬಂದಿತು. ಅದಕ್ಕೆ ಹಿಂದಿನ ಎರಡು ಆವೃತ್ತಿಗಳಲ್ಲಿ, ಪಾಸ್‌ವರ್ಡ್ ಇಲ್ಲದವನು ಕೂಡ ಅನ್ಯರ ಲೇಖನವನ್ನು ತಿದ್ದಬಹುದಾದಂತಹ ದೋಷವೊಂದು ಅಡಗಿತ್ತು. ದೋಷದ ವಿವರವು ಫೆಬ್ರವರಿ 1ರಂದು ಪ್ರಕಟವಾಯಿತು. ಕೆಲವೇ ದಿನಗಳಲ್ಲಿ, ಹಳೆಯ ಆವೃತ್ತಿಯಲ್ಲೇ ಉಳಿದಿದ್ದ ಹತ್ತು ಲಕ್ಷಕ್ಕೂ ಮಿಕ್ಕ ಪುಟಗಳನ್ನು ಕಿಡಿಗೇಡಿಗಳು ವಿರೂಪಗೊಳಿಸಿದರು. ಬೀಗ ಸಡಿಲವಾಗಿದೆಯೆಂದು ಊರಿಗೆಲ್ಲ ತಿಳಿದ ಮೇಲೆ ಅದೇ ಬೀಗವನ್ನು ನಂಬಿ ಮಲಗುವುದು ಜಾಣತನವೆನಿಸದು.

ಆವೃತ್ತಿಯ ಸಂಖ್ಯೆಯನ್ನು ಓದಲು ಕಲಿತರೆ ಅರ್ಧ ಭಯ ಕಳೆಯುತ್ತದೆ. ಮೂರನೆಯ ಅಂಕೆ ಮಾತ್ರ ಬದಲಾದರೆ ಅದು ದುರಸ್ತಿ, ತಡಮಾಡಬಾರದು. 2013ರ ಅಕ್ಟೋಬರ್‌ನಲ್ಲಿ ಬಂದ 3.7ರಿಂದೀಚೆಗೆ ಇಂತಹ ದುರಸ್ತಿಗಳು ಸಾಮಾನ್ಯವಾಗಿ ತಾವಾಗಿಯೇ ಆಗುತ್ತವೆ. ಮೊದಲ ಅಥವಾ ಎರಡನೆಯ ಅಂಕೆ ಬದಲಾದರೆ ಒಳಗಿನ ರಚನೆಯೂ ಕೆಲಮಟ್ಟಿಗೆ ಬದಲಾಗಿದೆಯೆಂದು ತಿಳಿಯಬೇಕು; ಅದಕ್ಕೆ ಸಿದ್ಧತೆ ಬೇಕು. (ಬ್ಲಾಗರ್‌ನಂತಹ ಸೇವೆಗಳಲ್ಲಿ ಬರೆಯುವವರಿಗೆ ಈ ಚಿಂತೆಯಿಲ್ಲ, ಅಲ್ಲಿ ತಂತ್ರಾಂಶವನ್ನು ಬದಲಿಸುವ ಕೆಲಸ ಆ ಸಂಸ್ಥೆಯದೇ.)

ಈಗ ಬ್ಲಾಗಿನ ಅಂಗಗಳನ್ನು ನೋಡೋಣ. ಮೊದಲನೆಯದು ತಂತ್ರಾಂಶ. ಅದು ಕೆಟ್ಟರೆ ಹೊಸದನ್ನು ಯಾವಾಗ ಬೇಕಾದರೂ ಪುಕ್ಕಟೆಯಾಗಿ ತಂದುಕೊಳ್ಳಬಹುದು. ಎರಡನೆಯದು ‘ಡಬ್ಲ್ಯುಪಿ-ಕಂಟೆಂಟ್’ ಎಂಬ ಕೋಶ. ನಾವು ಸೇರಿಸಿದ ಚಿತ್ರಗಳು, ಪುಟದ ಅಲಂಕಾರವಾದ ಥೀಮು, ಪ್ಲಗಿನ್ನುಗಳು ಇರುವುದು ಅಲ್ಲಿ. ಮೂರನೆಯದೇ ಡೇಟಾಬೇಸು. ಲೇಖನಗಳ ಪ್ರತಿಯೊಂದು ಅಕ್ಷರವೂ ಇರುವುದು ಇಲ್ಲಿಯೇ. ಕೋಶವನ್ನು ಮಾತ್ರ ನಕಲು ಮಾಡಿಟ್ಟುಕೊಂಡು ‘ಬ್ಲಾಗಿನ ಬ್ಯಾಕಪ್ ನಮ್ಮಲ್ಲಿದೆ’ ಎಂದು ನೆಮ್ಮದಿಯಾಗಿರುವವರು ಬಹುಮಂದಿ. ಅವರ ಬಳಿ ಇರುವುದು ಫೋಟೋಗಳು ಮಾತ್ರ. ಅಜ್ಜನ ಮಾತು ಅದರಲ್ಲಿಲ್ಲ.

ಕನ್ನಡಿಗರು ವಿಶೇಷವಾಗಿ ಎಚ್ಚರವಹಿಸಬೇಕಾದ ಸ್ಥಳವೂ ಈ ಡೇಟಾಬೇಸೇ. ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಯೂನಿಕೋಡ್ ಪದ್ಧತಿಯಲ್ಲಿ ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ನಮ್ಮ ‘ಕ’ದ ಸಂಖ್ಯೆ 3221. ಆದರೆ ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಸಂಖ್ಯೆಯನ್ನು ಮಾತ್ರ ಇಡಲು ಸಾಧ್ಯ. ಆದುದರಿಂದ ಯುಟಿಎಫ್-8 ಎಂಬ ಕ್ರಮದಲ್ಲಿ ‘ಕ’ವನ್ನು 224, 178, 149 ಎಂಬ ಮೂರು ಬೈಟುಗಳಾಗಿ ಒಡೆದಿಡುತ್ತಾರೆ. ಒತ್ತಕ್ಷರ, ಕಾಗುಣಿತದ ಚಿಹ್ನೆಗಳಿಗೂ ತಲಾ ಮೂರು ಬೈಟು ಬೇಕು. ‘ಶಿವಮೊಗ್ಗ’ ಎಂಬುದರಲ್ಲಿ ಇಂತಹ ಎಂಟು ಘಟಕಗಳಿವೆ, ಅಂದರೆ 24 ಬೈಟು. ‘ಭದ್ರಾವತಿ’ಗೂ ಸರಿಯಾಗಿ 24. ಎರಡು ಊರುಗಳಿಗೂ ಸಮಾನ ನ್ಯಾಯವೇ ಆಯಿತೆನ್ನಿ!

ಹಳೆಯ ಡೇಟಾಬೇಸುಗಳಿಗೆ ಈ ಸಂಗತಿ ತಿಳಿದಿರಲಿಲ್ಲ. ವರ್ಡ್‌ಪ್ರೆಸ್ ಬಳಸುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸು ಸ್ವೀಡನ್ ದೇಶದಲ್ಲಿ ಹುಟ್ಟಿದ್ದು. ಬೇರೆ ಏನನ್ನೂ ಹೇಳದಿದ್ದರೆ, ಬಂದ ಬೈಟುಗಳೆಲ್ಲ ‘ಲ್ಯಾಟಿನ್-1’ ಎಂಬ ಯೂರೋಪಿನ ಲಿಪಿಪಟ್ಟಿಯ ಅಕ್ಷರಗಳೆಂದೇ ಅದು ಭಾವಿಸುತ್ತಿತ್ತು; 2018ರ 8.0 ಆವೃತ್ತಿಯಲ್ಲಿ ಈ ಅಭ್ಯಾಸ ಬದಲಾಯಿತು. ಹಳೆಯ ಬ್ಲಾಗುಗಳಲ್ಲಿ ನಡೆದುದೇನೆಂದರೆ, ನಾವು ‘ಕ’ ಎಂದು ಕಳುಹಿಸಿದೆವು. ಡೇಟಾಬೇಸು ಅದನ್ನು ಮೂರು ಲ್ಯಾಟಿನ್ ಅಕ್ಷರಗಳೆಂದು ತಪ್ಪು ತಿಳಿದು ಒಳಗಿಟ್ಟಿತು. ಕೇಳಿದಾಗ ಅದೇ ತಪ್ಪು ತಿಳಿವಳಿಕೆಯಿಂದ ಅದೇ ಮೂರು ಬೈಟುಗಳನ್ನು ಹಿಂದಿರುಗಿಸಿತು. ಪರದೆಯ ಮೇಲೆ ‘ಕ’ ಸರಿಯಾಗಿಯೇ ಕಂಡಿತು!

ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜನ್ನು ಹಿಡಿದವರಿಗೆ ಇದು ಹೊಸದಲ್ಲ. ಶೂನ್ಯದೋಷವುಳ್ಳ ಒಂದೇ ಗೇಜಿನಿಂದ ಎರಡು ತಂತಿಗಳನ್ನು ಅಳೆದು ವ್ಯತ್ಯಾಸವನ್ನು ತೆಗೆದರೆ ದೋಷವು ತಾನಾಗಿ ಕಳೆದುಹೋಗುತ್ತದೆ. ಎರಡನೆಯ ತಂತಿಗೆ ಬೇರೊಂದು ಗೇಜನ್ನು ಬಳಸಿದೊಡನೆ, ಅದು ನಿರ್ದೋಷವಾದ ಗೇಜಾಗಿದ್ದರೂ, ಉತ್ತರ ತಪ್ಪಾಗುತ್ತದೆ. 2007ರ 2.2 ಆವೃತ್ತಿಯಲ್ಲಿ ವರ್ಡ್‌ಪ್ರೆಸ್ ತನ್ನ ‘ಡಬ್ಲ್ಯುಪಿ-ಕಾನ್ಫಿಗ್’ ಎಂಬ ಕಡತದಲ್ಲಿ ಲಿಪಿಕ್ರಮದ ಹೆಸರನ್ನು ನಮೂದಿಸತೊಡಗಿತು. ಹಳೆಯ ಕಡತವನ್ನು ಅಳಿಸಿ ಹೊಸದನ್ನು ಬರೆದ ಅನೇಕರ ಲೇಖನಗಳು ಕೆಟ್ಟುಹೋದಂತೆ ಕಂಡುದು ಈ ಕಾರಣದಿಂದ. ಹೊಸ ಸರ್ವರಿಗೆ ಸಾಗಿಸುವಾಗಲೂ ಇದೇ ತೊಂದರೆ ಒದಗುವುದುಂಟು.

ಆಗ ಪರದೆಯ ಮೇಲೆ ಏನು ಕಾಣುತ್ತಿದೆಯೆಂಬುದನ್ನು ಸಮಾಧಾನದಿಂದ ನೋಡಬೇಕು. ‘ಕ’ದ ಸ್ಥಳದಲ್ಲಿ ತಲೆಯ ಮೇಲೆ ಗೀಟುಳ್ಳ ಲ್ಯಾಟಿನ್ ‘ಎ’, ಆಮೇಲೆ ವರ್ಗಸೂಚಕದಂತಹ ಪುಟ್ಟ 2, ಬಳಿಕ ಒಂದು ದಪ್ಪ ಬೊಟ್ಟು, ಹೀಗೆ ಮೂರು ಗುರುತುಗಳು ಕಂಡರೆ ಹೆದರಬೇಕಾಗಿಲ್ಲ. ಅವು ಅದೇ 224, 178, 149. ಬೈಟುಗಳು ಭದ್ರವಾಗಿವೆ, ಓದುವ ಕ್ರಮ ಮಾತ್ರ ತಪ್ಪಿದೆ. ಹಳೆಯ ಕಾನ್ಫಿಗ್ ಕಡತವನ್ನು ಮರಳಿಸಿದರೆ ಅನೇಕ ವೇಳೆ ಅಷ್ಟಕ್ಕೇ ಸರಿಹೋಗುತ್ತದೆ. ಅದಕ್ಕೆ ಬದಲಾಗಿ, ಪ್ರತಿಯೊಂದು ಅಕ್ಷರದ ಸ್ಥಾನದಲ್ಲಿಯೂ ಪ್ರಶ್ನಚಿಹ್ನೆಯೇ ಡೇಟಾಬೇಸಿನಲ್ಲಿ ಕುಳಿತಿದ್ದರೆ, ಆ ಪ್ರತಿಯಲ್ಲಿ ಬರಹವು ನಿಜವಾಗಿಯೂ ನಾಶವಾಗಿದೆ. ಲ್ಯಾಟಿನ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಳವಿಲ್ಲವಾದುದರಿಂದ ಪರಿವರ್ತನೆಯ ಕಾಲದಲ್ಲಿ ಯಂತ್ರವು ಎಲ್ಲ ಅಕ್ಷರಗಳಿಗೂ ಒಂದೇ ಚಿಹ್ನೆಯನ್ನು ಹಾಕಿಬಿಟ್ಟಿರುತ್ತದೆ. ಒಂದೇ ಚಿಹ್ನೆಯಿಂದ ಐವತ್ತು ಅಕ್ಷರಗಳನ್ನು ಮರಳಿ ಪಡೆಯುವ ಗಣಿತ ಯಾವುದೂ ಇಲ್ಲ. ಎರಡು ಸಂದರ್ಭಗಳಲ್ಲಿಯೂ, ಕೆಟ್ಟಂತೆ ಕಾಣುವ ಲೇಖನವನ್ನು ತೆರೆದು ತಿದ್ದಿ ಉಳಿಸಲು ಹೋಗಬಾರದು. ಹಾಗೆ ಮಾಡಿದರೆ ಹಳೆಯ ಕ್ರಮದ ಬೈಟುಗಳೂ ಹೊಸ ಕ್ರಮದವೂ ಒಂದೇ ಪಟ್ಟಿಯಲ್ಲಿ ಬೆರೆತು, ಬಿಡಿಸಲಾರದ ಗೋಜಲಾಗುತ್ತದೆ.

ಇಷ್ಟು ತಿಳಿದ ಮೇಲೆ ಮಾಡತಕ್ಕ ಕೆಲಸ ಸುಲಭವಾಗಿಯೇ ಹೊಳೆಯುತ್ತದೆ. ಕೋಶವನ್ನೂ ಕಾನ್ಫಿಗ್ ಕಡತವನ್ನೂ ನಕಲು ಮಾಡಿ, ಡೇಟಾಬೇಸನ್ನು ಒಂದು ಕಡತವಾಗಿ ಇಳಿಸಿಕೊಳ್ಳಬೇಕು. ಇಳಿಸಿಕೊಂಡ ಕಡತವನ್ನು ಸಾಧಾರಣ ಪಠ್ಯ ಸಂಪಾದಕದಲ್ಲಿ ತೆರೆದು, ಅದರಲ್ಲಿ ‘ಭದ್ರಾವತಿ’ ಎಂದು ಹುಡುಕಬೇಕು. ಕನ್ನಡದಲ್ಲಿ ಸಿಕ್ಕಿತೆ? ಒಳ್ಳೆಯದು. ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ, ತಿಳಿದವರ ನೆರವನ್ನು ಪಡೆಯತಕ್ಕದ್ದು. ಈ ಒಂದು ನಿಮಿಷದ ಪರೀಕ್ಷೆಯನ್ನು ಮಾಡುವವರು ಕಡಮೆ. ಆದರೆ ನಮಗೆ ಉಳಿದೆಲ್ಲ ಕ್ರಮಗಳಿಗಿಂತ ಇದೇ ಮುಖ್ಯವೆಂದು ತೋರುತ್ತದೆ.

ಬಳಿಕ ಆ ಪ್ರತಿಯಿಂದ ಬ್ಲಾಗನ್ನು ಮತ್ತೊಂದೆಡೆ ಎಬ್ಬಿಸಿ ನಿಲ್ಲಿಸಬೇಕು. ನಮ್ಮ ಗಣಕಯಂತ್ರವೇ ಸರ್ವರಿನಂತೆ ವರ್ತಿಸುವ ಹಾಗೆ ಮಾಡುವ ಉಚಿತ ತಂತ್ರಾಂಶಗಳಿವೆ. ಹೊಸ ಆವೃತ್ತಿಯನ್ನು ಮೊದಲು ಆ ನಕಲಿನ ಮೇಲೆ ಪ್ರಯೋಗಿಸಿ, ಹಳೆಯದೊಂದು ಲೇಖನ, ಹೊಸದೊಂದು ಲೇಖನ, ಒಂದು ಚಿತ್ರ, ಇಷ್ಟನ್ನು ನೋಡಿದರೆ ಸಾಕು. ಸರ್ವರಿನಲ್ಲಿರುವ ಪಿಎಚ್‌ಪಿ ಭಾಷೆಯ ಆವೃತ್ತಿಯು ಹೊಸ ವರ್ಡ್‌ಪ್ರೆಸ್ಸಿಗೆ ಸಾಕಾಗುವುದೇ ಎಂದೂ ನೋಡಿಕೊಳ್ಳಬೇಕು. ಥೀಮಿನ ಮೂಲ ಕಡತಗಳನ್ನೇ ಕೈಯಾರೆ ತಿದ್ದಿಕೊಂಡಿದ್ದರೆ, ಥೀಮಿನ ಹೊಸ ಆವೃತ್ತಿ ಬಂದಾಗ ಆ ತಿದ್ದುಪಡಿಗಳು ಅಳಿಸಿಹೋಗುತ್ತವೆ. ಅವನ್ನು ಬೇರೆ ಬರೆದಿಟ್ಟಿರಬೇಕು.

ನಿಜವಾದ ಬ್ಲಾಗಿನಲ್ಲಿ ಗುಂಡಿಯನ್ನೊತ್ತಿದ ಮೇಲೆ ಕೆಲಸವು ನಡುವೆ ನಿಂತು, ‘ದುರಸ್ತಿ ನಡೆಯುತ್ತಿದೆ’ ಎಂಬ ಒಕ್ಕಣೆಯೇ ಅಂಟಿಕೊಂಡರೆ ಗಾಬರಿ ಬೇಡ. ಕೆಲಸದ ಆರಂಭದಲ್ಲಿ ವರ್ಡ್‌ಪ್ರೆಸ್ ಒಂದು ಪುಟ್ಟ ಕಡತವನ್ನು ಹುಟ್ಟಿಸಿ, ಮುಗಿದಾಗ ಅದನ್ನು ಅಳಿಸುತ್ತದೆ. ಅಳಿಸದೆ ಉಳಿದರೂ ಹತ್ತು ನಿಮಿಷಗಳ ತರುವಾಯ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆ ಮತ್ತೊಮ್ಮೆ ಪ್ರಯತ್ನಿಸಬಹುದು. 2019ರ 5.2 ಆವೃತ್ತಿಯಿಂದೀಚೆಗೆ, ಯಾವುದಾದರೊಂದು ಪ್ಲಗಿನ್ ಮುರಿದು ಬ್ಲಾಗು ತೆರೆಯದೆ ಹೋದರೆ, ಒಳಗೆ ಹೋಗಿ ಅದನ್ನು ನಿಲ್ಲಿಸುವುದಕ್ಕೆ ಒಡೆಯನ ಇಮೇಲಿಗೆ ಒಂದು ವಿಶೇಷ ಕೊಂಡಿಯೂ ಬರುತ್ತದೆ. ಆದುದರಿಂದ ಬ್ಲಾಗಿಗೆ ಕೊಟ್ಟಿರುವ ಇಮೇಲ್ ವಿಳಾಸವು ಈಗಲೂ ಬಳಕೆಯಲ್ಲಿದೆಯೇ ಎಂಬುದನ್ನು ಮೊದಲೇ ನೋಡಿರಬೇಕು.

ಇನ್ನು ಪ್ರತಿಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆ. ಸರ್ವರಿನಲ್ಲಿಯೇ ಇಟ್ಟ ಪ್ರತಿಯು ಸರ್ವರಿನೊಡನೆಯೇ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದುದನ್ನು ಕಂಡವರಿಗೆ, ಒಂದೇ ಮನೆಯಲ್ಲಿ ಎರಡು ಪ್ರತಿಗಳಿದ್ದರೂ ಅವು ಒಂದಕ್ಕೇ ಸಮವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ವಿದ್ಯಾರ್ಥಿಗಳು ಒಂದು ಪೆನ್ ಡ್ರೈವನ್ನು ಇಲ್ಲಿ ತುಂಗೆಯ ದಡದ ಊರಿನಲ್ಲಿಯೂ ಇನ್ನೊಂದನ್ನು ಭದ್ರೆಯ ದಡದ ಭದ್ರಾವತಿಯಲ್ಲಿಯೂ ಇಟ್ಟುಕೊಂಡಿದ್ದಾರೆ. ಮೇಲೆ ಆವೃತ್ತಿಯ ಸಂಖ್ಯೆಯನ್ನೂ ತಾರೀಖನ್ನೂ ಬರೆದು ಅಂಟಿಸಿದ್ದಾರೆ.