ನಮ್ಮ ಮನೆಗೆ ಕನ್ನಡ ಕಲಿಯಲು ಬಂದ ಅತಿಥಿ

ಮೈಸೂರಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆ ವಿದೇಶಿ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುತ್ತದೆ. ಹೀಗೆ ಕನ್ನಡ ಕಲಿಯಲು ಬಂದ ಅಮೆರಿಕದ ಒಬ್ಬ ಅಕ್ಕ ಕಳೆದ ವರ್ಷ ಎರಡು ತಿಂಗಳು ನಮ್ಮ ಮನೆಯಲ್ಲಿದ್ದರು. ನಿಮ್ಮ ಮನೆಗೂ ಯಾರಾದರೂ ಬಂದರೆ ಏನು ಮಾಡಬೇಕೆಂದು ಬರೆಯುತ್ತಿದ್ದೇನೆ.

ಮೊದಲನೆಯದು ಕಾನೂನು. ವಿದೇಶಿಯರು ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಇದು ಮನೆಯವರ ಜವಾಬ್ದಾರಿ. ಅಬ್ಬಾ ಅದೇ ರಾತ್ರಿ ಮಾಡಿದರು.

ಎರಡನೆಯದು, ಮೊದಲ ದಿನವೇ ಎಲ್ಲವನ್ನೂ ಹೇಳಿಬಿಡಿ. ನೀರು ಎಷ್ಟು ಗಂಟೆಗೆ ಬರುತ್ತದೆ, ಗೀಸರ್ ಸ್ವಿಚ್ ಎಲ್ಲಿದೆ, ಫಜ್ರ್ ನಮಾಜಿಗೆ ಮನೆಯಲ್ಲಿ ಯಾವಾಗ ಏಳುತ್ತಾರೆ. ಅವರು ಏನು ತಿನ್ನುವುದಿಲ್ಲ ಎಂದು ನೀವೂ ಕೇಳಿ.

ಮೂರನೆಯದು ಮಾತು. ಅವರು ತಡವರಿಸಿದ ಕೂಡಲೇ ನಾವು ಇಂಗ್ಲಿಷಿಗೆ ಹೋದರೆ ಅವರು ಬಂದದ್ದೇ ದಂಡ. ತರಗತಿಯಲ್ಲಿ 'ಮಾಡುತ್ತೇನೆ' ಎಂದು ಕಲಿತವರಿಗೆ 'ಮಾಡ್ತೀನಿ' ಕಿವಿಗೆ ಬೀಳುವುದು ಮನೆಯಲ್ಲೇ.

ನಮ್ಮದೋ ಉರ್ದು ಮನೆ. ಆದ್ದರಿಂದ ರಾತ್ರಿ ಊಟಕ್ಕೆ ಎಲ್ಲರೂ ಕನ್ನಡವೇ ಎಂದು ತೀರ್ಮಾನಿಸಿದೆವು. ಉರ್ದುವಿನಲ್ಲಿ 'ಳ' ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಅಮ್ಮಿ 'ನಮ್ಮ ಹಲ್ಲಿ' ಎಂದರು, ಅಕ್ಕನೂ ಹಾಗೇ ಎಂದರು. 'ಹಳ್ಳಿ' ಎಂದು ನಾನು ತಿದ್ದಿದೆ. ಇಬ್ಬರೂ ನಗುತ್ತಾ ದಿನಾ ಅಭ್ಯಾಸ ಮಾಡಿದರು.

ಪೋಷಕರ ಸಭೆಗಳಲ್ಲಿ ಅಮ್ಮಿಯ ಪರವಾಗಿ ನಾನೇ ಮಾತಾಡುತ್ತಿದ್ದೆ. ಈ ಸಲ ಅವರೇ ಕನ್ನಡದಲ್ಲಿ ಲೆಕ್ಕಶಾಸ್ತ್ರದ ಸರ್ ಬಳಿ ನನ್ನ ಅಂಕಗಳನ್ನು ವಿಚಾರಿಸಿದರು. ಅದರಿಂದ ನನಗೇ ಸ್ವಲ್ಪ ಕಷ್ಟವಾಯಿತು!